ಬೆಂಚಿನಿಂದ ಎದ್ದು ಬಂದವರ ಡರ್ಬಿ

2024ರ ಆಗಸ್ಟ್ 10, ಲಂಡನ್‌ನ ವೆಂಬ್ಲಿ ಫುಟ್‌ಬಾಲ್ ಮೈದಾನ. ಎರಡೂ ಕಡೆಯವರು ಏಳೇಳು ಪೆನಾಲ್ಟಿ ಹೊಡೆದಾಗಿದೆ, ಲೆಕ್ಕ 6-6. ಮಧ್ಯಗೆರೆಯ ಹತ್ತಿರ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಸಾಲಿನಿಂದ ಜಾನಿ ಇವಾನ್ಸ್ ಹೊರಬರುತ್ತಾರೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಡಿಫೆಂಡರ್, ವಯಸ್ಸು 36. ಅಲ್ಲಿಂದ ಪೆನಾಲ್ಟಿ ಚುಕ್ಕಿಗೆ ಸುಮಾರು 40 ಮೀಟರ್ ನಡಿಗೆ. ಚೆಂಡು ಇಟ್ಟು, ಹಿಂದೆ ಸರಿದು, ಓಡಿ ಬಂದು ಒದೆಯುತ್ತಾರೆ. ಚೆಂಡು ಕ್ರಾಸ್‌ಬಾರ್‌ನ ಮೇಲಿಂದ ಹಾರಿ ಹೋಗುತ್ತದೆ.

ಮುಂದಿನ ಸರದಿ ಮ್ಯಾಂಚೆಸ್ಟರ್ ಸಿಟಿಯ ಮ್ಯಾನುಯೆಲ್ ಅಕಾಂಜಿಯದು. ಅವರೂ ಡಿಫೆಂಡರೇ. ಸರಿಯಾಗಿ 35 ದಿನಗಳ ಹಿಂದೆ, ಜುಲೈ 6ರಂದು ಡುಸೆಲ್‌ಡಾರ್ಫ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಯೂರೋ ಕ್ವಾರ್ಟರ್‌ಫೈನಲ್‌ನ ಶೂಟೌಟ್‌ನಲ್ಲಿ ಸ್ವಿಟ್ಜರ್ಲೆಂಡ್ ಪರ ಮೊದಲ ಪೆನಾಲ್ಟಿ ಹೊಡೆದವರು ಅವರು. ಅದನ್ನು ಜೋರ್ಡನ್ ಪಿಕ್‌ಫೋರ್ಡ್ ತಡೆದರು, ಸ್ವಿಟ್ಜರ್ಲೆಂಡ್ ಮನೆಗೆ ಹೋಯಿತು. ಈ ಸಲ ಚೆಂಡು ಬಲೆ ಸೇರಿತು. ಸಿಟಿಗೆ 7-6 ಗೆಲುವು, ಕಮ್ಯುನಿಟಿ ಶೀಲ್ಡ್ ಏಳನೆಯ ಬಾರಿ ಅವರ ಕೈಗೆ.

ಇವಾನ್ಸ್ ಅವರಿಗೆ ಈ ಪಂದ್ಯ ಹೊಸದಾಗಿರಲಿಲ್ಲ. 13 ವರ್ಷ ಹಿಂದೆ ಇದೇ ವೆಂಬ್ಲಿಯಲ್ಲಿ, ಇದೇ ಶೀಲ್ಡ್‌ಗಾಗಿ, ಇದೇ ಎರಡು ತಂಡಗಳು ಸೆಣಸಿದಾಗ ಅವರು ವಿರಾಮದ ನಂತರ ಬದಲಿ ಆಟಗಾರರ ಬೆಂಚಿನಿಂದ ಎದ್ದು ಬಂದು ಗೆಲುವಿನಲ್ಲಿ ಪಾಲು ಪಡೆದಿದ್ದರು. ಮ್ಯಾಂಚೆಸ್ಟರ್‌ನ ಎರಡು ಕ್ಲಬ್‌ಗಳು ಈ ಪ್ರಶಸ್ತಿಗೆ ಎದುರುಬದುರಾದದ್ದು ಒಟ್ಟು ಮೂರೇ ಸಲ: 1956, 2011, 2024. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರತಿ ಸಲವೂ ಪಂದ್ಯದ ದಿಕ್ಕು ಬದಲಿಸಿದವರು, ಇಲ್ಲವೇ ಅದನ್ನು ಹಿಡಿದು ನಿಲ್ಲಿಸಿದವರು, ಆ ದಿನದ ಮೊದಲ ಹನ್ನೊಂದರಲ್ಲಿ ಇಲ್ಲದವರು. ಇದನ್ನು ಬರೀ ಕಾಕತಾಳೀಯ ಎಂದು ಬಿಡಲು ನನಗೆ ಮನಸ್ಸಿಲ್ಲ. ಈಚಿನ ಎರಡು ಸಲದ ಮಟ್ಟಿಗಾದರೂ, ಋತುವಿನ ಬಾಗಿಲಲ್ಲಿ ಆಡುವ ಪಂದ್ಯದ ಸ್ವಭಾವದಲ್ಲೇ ಅದಕ್ಕೆ ಕಾರಣವಿದೆ.

ಮೊದಲು ಶೀಲ್ಡ್ ಎಂದರೇನು ಎಂಬುದನ್ನು ಚುಟುಕಾಗಿ ಹೇಳಿಬಿಡುವೆ. ನಮ್ಮಲ್ಲಿ ಸೂಪರ್ ಕಪ್ ಎಂದರೆ ಹಲವು ತಂಡಗಳ ನಾಕೌಟ್ ಟೂರ್ನಿ. 2018ರ ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ಬೆಂಗಳೂರು ಎಫ್‌ಸಿ ಈಸ್ಟ್ ಬೆಂಗಾಲನ್ನು 4-1ರಿಂದ ಸೋಲಿಸಿ ಗೆದ್ದದ್ದು ಆ ಬಗೆಯದು. ಯುರೋಪಿನಲ್ಲಿ ಹಾಗಲ್ಲ. ಹಿಂದಿನ ಋತುವಿನ ಲೀಗ್ ಚಾಂಪಿಯನ್ ಮತ್ತು ಕಪ್ ವಿಜೇತರ ನಡುವೆ ಸಾಮಾನ್ಯವಾಗಿ ಒಂದೇ ಪಂದ್ಯ. ಇಂಗ್ಲೆಂಡಿನಲ್ಲಿ ಇದು 1908ರಲ್ಲಿ ಚಾರಿಟಿ ಶೀಲ್ಡ್ ಎಂಬ ಹೆಸರಿನಲ್ಲಿ ಶುರುವಾಯಿತು. ಮೊದಲ ಪಂದ್ಯ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಕ್ವೀನ್ಸ್ ಪಾರ್ಕ್ ರೇಂಜರ್ಸ್ ನಡುವೆ. 1-1 ಡ್ರಾ ಆಗಿ, ಮರುಪಂದ್ಯದಲ್ಲಿ ಯುನೈಟೆಡ್ 4-0ಯಿಂದ ಗೆದ್ದಿತು. ಒಂದೇ ತಂಡ ಲೀಗ್ ಮತ್ತು ಅಲ್ಲಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಎರಡನ್ನೂ ಗೆದ್ದರೆ ಈಗ ಲೀಗ್‌ನಲ್ಲಿ ಎರಡನೆಯ ಸ್ಥಾನ ಪಡೆದವರು ಎದುರಾಳಿ. ಟಿಕೆಟ್ ಹಣದಲ್ಲಿ ಒಂದು ಪಾಲು ಎಫ್‌ಎ ಕಪ್‌ನ ಮೊದಲ ಸುತ್ತಿನಿಂದ ಮುಂದಕ್ಕೆ ಆಡಿದ 124 ಕ್ಲಬ್‌ಗಳಿಗೆ ಹೋಗುತ್ತದೆ. ಅವು ತಮಗೆ ಬೇಕಾದ ಸೇವಾಸಂಸ್ಥೆಗಳಿಗೆ ಕೊಡುತ್ತವೆ. ಈ ಹಣದ ಲೆಕ್ಕ ಸರಿಯಾಗಿ ತೋರಿಸಿಲ್ಲವೆಂದು ಅಲ್ಲಿನ ದತ್ತಿ ಆಯೋಗ ಆಕ್ಷೇಪ ಎತ್ತಿದ ಮೇಲೆಯೇ 2002ರಲ್ಲಿ ಹೆಸರು ಕಮ್ಯುನಿಟಿ ಶೀಲ್ಡ್ ಎಂದಾದದ್ದು.

ನೋಡುವವರಿಗೆ ಮುಖ್ಯವಾದ ನಿಯಮ ಒಂದಿದೆ. 90 ನಿಮಿಷ ಮುಗಿದಾಗ ಸಮಬಲವಾಗಿದ್ದರೆ ಹೆಚ್ಚುವರಿ 30 ನಿಮಿಷ ಇಲ್ಲ, ನೇರ ಪೆನಾಲ್ಟಿ. ಮೊದಲು ಡ್ರಾ ಆದರೆ ಇಬ್ಬರೂ ಶೀಲ್ಡ್ ಹಂಚಿಕೊಂಡು, ಆರಾರು ತಿಂಗಳು ಇಟ್ಟುಕೊಳ್ಳುತ್ತಿದ್ದರು. ಕೊನೆಯದಾಗಿ ಹಂಚಿಕೊಂಡದ್ದು 1991ರಲ್ಲಿ, ಉತ್ತರ ಲಂಡನ್‌ನ ಬದ್ಧ ಎದುರಾಳಿಗಳಾದ ಆರ್ಸೆನಲ್ ಮತ್ತು ಟಾಟನ್‌ಹ್ಯಾಮ್. ಒಂದೂ ಗೋಲಿಲ್ಲದ ಪಂದ್ಯದ ನಂತರ ಆ ಎರಡು ಕ್ಲಬ್‌ಗಳು ಒಂದು ಟ್ರೋಫಿಯನ್ನು ಹಂಚಿಕೊಳ್ಳಬೇಕಾಗಿ ಬಂದದ್ದು ಎರಡೂ ಕಡೆಯ ಅಭಿಮಾನಿಗಳಿಗೆ ಎಷ್ಟು ಇರುಸುಮುರುಸಾಗಿರಬೇಕು!

ಇನ್ನು 1956. ಆಗ ಈ ಪಂದ್ಯ ಋತುವಿನ ಆರಂಭದಲ್ಲಿ ನಡೆಯುತ್ತಿರಲಿಲ್ಲ. ಆಗಸ್ಟ್‌ಗೆ ಬಂದದ್ದು 1959ರಲ್ಲಿ. 1956ರಲ್ಲಿ ಯುನೈಟೆಡ್ ಲೀಗ್ ಚಾಂಪಿಯನ್, ಸಿಟಿ ಎಫ್‌ಎ ಕಪ್ ವಿಜೇತ. ಅಕ್ಟೋಬರ್ 24ರಂದು ಸಿಟಿಯ ಮೇನ್ ರೋಡ್ ಮೈದಾನದಲ್ಲಿ ಹೊನಲು ಬೆಳಕಿನ ಪಂದ್ಯ. ಯುನೈಟೆಡ್‌ನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಆಗಿನ್ನೂ ದೀಪಗಳೇ ಇರಲಿಲ್ಲ, 1957ರ ಮಾರ್ಚ್‌ನಲ್ಲಷ್ಟೇ ಬಂದವು. ಹಾಗಾಗಿ ಆ ಶರತ್ಕಾಲದಲ್ಲಿ ಯುನೈಟೆಡ್ ತನ್ನ ತವರಿನ ಯುರೋಪಿಯನ್ ಕಪ್ ಪಂದ್ಯಗಳನ್ನೂ ಸಿಟಿಯ ಅಂಗಳದಲ್ಲೇ ಆಡುತ್ತಿತ್ತು. ಎರಡು ಕ್ಲಬ್‌ಗಳ ಪೈಪೋಟಿ ಎಂದಾಕ್ಷಣ ಬರೀ ಹಗೆ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಆ ರಾತ್ರಿ ಯುನೈಟೆಡ್ ಗೋಲ್‌ಕೀಪರ್ ರೇ ವುಡ್ ಗಾಯಗೊಂಡು ಹೊರನಡೆದರು. ಇಂಗ್ಲಿಷ್ ಲೀಗ್‌ನಲ್ಲಿ ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿದ್ದೇ 1965ರಲ್ಲಿ. ಅಲ್ಲಿಯವರೆಗೆ ಗೋಲ್‌ಕೀಪರ್ ಬಿದ್ದರೆ ಮೈದಾನದಲ್ಲಿರುವ ಉಳಿದ ಆಟಗಾರರಲ್ಲೇ ಒಬ್ಬ ಕೈಗವಸು ತೊಟ್ಟು ನಿಲ್ಲಬೇಕು, ತಂಡ ಹತ್ತು ಜನರೊಂದಿಗೆ ಆಡಬೇಕು. ಶೀಲ್ಡ್ ಪಂದ್ಯದಲ್ಲಿ ಮಾತ್ರ ಬದಲಿಗೆ ಒಪ್ಪಿಗೆಯಿತ್ತು. ಹಾಗೆ ಒಳಬಂದವರು ಡೇವಿಡ್ ಗ್ಯಾಸ್ಕೆಲ್, ವಯಸ್ಸು 16 ವರ್ಷ 19 ದಿನ. ಡೆನ್ನಿಸ್ ವಯೊಲೆಟ್ ಹೊಡೆದ ಒಂದೇ ಗೋಲಿನಿಂದ ಯುನೈಟೆಡ್ ಗೆದ್ದಿತು, ಹುಡುಗ ಒಂದೂ ಗೋಲು ಬಿಡಲಿಲ್ಲ. ಆ ವಯಸ್ಸಿನಲ್ಲಿ, ಊರಿನ ಇನ್ನೊಂದು ಕ್ಲಬ್‌ನ ಮೈದಾನದಲ್ಲಿ, ಆ ಅಭಿಮಾನಿಗಳ ಗದ್ದಲದ ನಡುವೆ ಗೋಲು ಕಾಯುವುದೆಂದರೆ ಏನು ಎಂದು ಊಹಿಸಿಕೊಳ್ಳಿ. ಮುಂದೆ 1963ರಲ್ಲಿ ಯುನೈಟೆಡ್ ಎಫ್‌ಎ ಕಪ್ ಗೆದ್ದಾಗಲೂ ಫೈನಲ್‌ನಲ್ಲಿ ಗೋಲು ಕಾದದ್ದು ಗ್ಯಾಸ್ಕೆಲ್ ಅವರೇ.

2011ಕ್ಕೆ ಬಂದರೆ ಪಾತ್ರಗಳು ಮತ್ತೆ ಅವೇ: ಯುನೈಟೆಡ್ ಲೀಗ್ ಚಾಂಪಿಯನ್, ಸಿಟಿ ಕಪ್ ವಿಜೇತ. ಆದರೆ ನಡುವಿನ ವರ್ಷಗಳಲ್ಲಿ ಸಿಟಿಯ ದೆಸೆ ಬದಲಾಗಿತ್ತು. 2008ರಲ್ಲಿ ಅಬುಧಾಬಿಯ ಹಣ ಬಂದಿತ್ತು. 2011ರ ಆ ಎಫ್‌ಎ ಕಪ್ 35 ವರ್ಷಗಳಲ್ಲಿ ಅವರು ಗೆದ್ದ ಮೊದಲ ದೊಡ್ಡ ಪ್ರಶಸ್ತಿ. ಆಗಸ್ಟ್ 7ರ ಪಂದ್ಯವನ್ನು ಪೂರ್ವತಯಾರಿ ಎಂದು ಯಾರೂ ನೋಡುತ್ತಿರಲಿಲ್ಲ. ಊರಿನಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆ ಅಲ್ಲಿ ತಲೆಯೆತ್ತಿ ನಿಂತಿತ್ತು.

38ನೇ ನಿಮಿಷ. ಸಿಟಿಯ ಡೇವಿಡ್ ಸಿಲ್ವಾ ಫ್ರೀ ಕಿಕ್ ಎತ್ತಿದರು, ಜೋಲಿಯನ್ ಲೆಸ್ಕಾಟ್ ತಲೆಯಿಂದ ಬಡಿದರು, 1-0. ವಿರಾಮಕ್ಕೆ ಕ್ಷಣಗಳಿರುವಾಗ ಎಡಿನ್ ಜೆಕೊ ದೂರದಿಂದ ಹೊಡೆದದ್ದು ಯುನೈಟೆಡ್‌ನ ಹೊಸ ಗೋಲ್‌ಕೀಪರ್, 20 ವರ್ಷದ ಡೇವಿಡ್ ಡೆ ಹೇಯಾ ಅವರನ್ನು ದಾಟಿತು. ತಮ್ಮ ಮೊದಲ ಅಧಿಕೃತ ಪಂದ್ಯದ ಮೊದಲರ್ಧದಲ್ಲೇ ಎರಡು ಗೋಲು ಬಿಟ್ಟ ಆ ಹುಡುಗನ ಮುಖ ಅಂದು ನೋಡಲಾಗುತ್ತಿರಲಿಲ್ಲ.

ವಿರಾಮದಲ್ಲಿ ಯುನೈಟೆಡ್ ತರಬೇತುದಾರ ಅಲೆಕ್ಸ್ ಫರ್ಗುಸನ್ ಮೂವರನ್ನು ಒಟ್ಟಿಗೆ ಕೂರಿಸಿದರು: ರಿಯೋ ಫರ್ಡಿನಾಂಡ್, ನೆಮಾನ್ಯ ವಿಡಿಚ್, ಮೈಕೆಲ್ ಕ್ಯಾರಿಕ್. ಅಂದರೆ ತಂಡದ ಬೆನ್ನೆಲುಬನ್ನೇ ತೆಗೆದರು. ಬದಲಿಗೆ ಬಂದವರು ಫಿಲ್ ಜೋನ್ಸ್, ಜಾನಿ ಇವಾನ್ಸ್, ಟಾಮ್ ಕ್ಲೆವರ್ಲಿ. ವಯಸ್ಸು ಕ್ರಮವಾಗಿ 19, 23, 21. ಹೆಸರುಗಳನ್ನು ತೂಗಿದರೆ ತಂಡ ಬಡವಾಗಿತ್ತು. ಆಟ ಮಾತ್ರ ಬೇರೆಯೇ ಆಯಿತು.

ಏನು ಬದಲಾಯಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಮೊದಲರ್ಧದಲ್ಲಿ ಯುನೈಟೆಡ್ ಚೆಂಡನ್ನು ಹಿಂದೆ ಹಿಂದೆಯೇ ಹೊರಳಿಸುತ್ತಿತ್ತು, ಸಿಟಿಗೆ ಮತ್ತೆ ಸಾಲಾಗಿ ನಿಲ್ಲಲು ಬೇಕಾದಷ್ಟು ಸಮಯ ಸಿಗುತ್ತಿತ್ತು. ಕ್ಲೆವರ್ಲಿ ಬಂದ ಮೇಲೆ ಮಧ್ಯದಲ್ಲಿ ಚೆಂಡು ಒಂದು ಸ್ಪರ್ಶ, ಹೆಚ್ಚೆಂದರೆ ಎರಡು ಸ್ಪರ್ಶದಲ್ಲಿ ದಾಟತೊಡಗಿತು. ಋತುವಿನ ಆರಂಭದಲ್ಲಿ ಬೇಗನೆ ಕೈಕೊಡುವುದು ಓಟದ ವೇಗವಲ್ಲ, ತಿರುಗುವ ಚುರುಕು. ನೇರ ಓಡುವ ಕಸುವನ್ನು ಎರಡು ವಾರದ ಅಭ್ಯಾಸ ಕೊಡುತ್ತದೆ. ನಿಂತು, ಹೊರಳಿ, ಮತ್ತೆ ಜಿಗಿಯುವ ಚುರುಕು ಪಂದ್ಯಗಳನ್ನು ಆಡಿದ ಮೇಲಷ್ಟೇ ಬರುತ್ತದೆ. ಚೆಂಡು ದಿಕ್ಕು ಬದಲಿಸಿದಾಗಲೆಲ್ಲ ರಕ್ಷಣೆಯವರು ಹೊರಳಬೇಕು, ಆಗಸ್ಟ್‌ನ ಕಾಲುಗಳಿಗೆ ಅದೇ ಕಷ್ಟ.

52ನೇ ನಿಮಿಷದಲ್ಲಿ ಆಶ್ಲಿ ಯಂಗ್ ಅವರ ಫ್ರೀ ಕಿಕ್‌ಗೆ ಕ್ರಿಸ್ ಸ್ಮಾಲಿಂಗ್ ಕಾಲು ತಾಗಿಸಿದರು, 2-1. ಆರೇ ನಿಮಿಷದ ನಂತರ ಬಂದ ಗೋಲು ಆ ಋತುವಿನ ಅತ್ಯಂತ ಸೊಗಸಾದವುಗಳಲ್ಲಿ ಒಂದು. ಯುನೈಟೆಡ್‌ನ ವೇಯ್ನ್ ರೂನಿ, ಕ್ಲೆವರ್ಲಿ, ನಾನಿ ನಡುವೆ ಚೆಂಡು ಸರಸರ ಹರಿದಾಡಿತು. ಪೆನಾಲ್ಟಿ ಚೌಕದ ಅಂಚಿನಲ್ಲಿ ಸಿಟಿಯ ನಾಲ್ಕೈದು ಮಂದಿ ಇದ್ದರೂ ಯಾರ ಕಾಲೂ ತಾಗಲಿಲ್ಲ. ಎಲ್ಲರೂ ಚೆಂಡು ಒಂದು ಕ್ಷಣ ಹಿಂದೆ ಇದ್ದ ಜಾಗಕ್ಕೆ ತಲುಪುತ್ತಿದ್ದರು. ನಾನಿ ಅದನ್ನು ಸಿಟಿ ಗೋಲ್‌ಕೀಪರ್ ಜೋ ಹಾರ್ಟ್ ಮೇಲಿಂದ ಮೆಲ್ಲಗೆ ಎತ್ತಿ ಬಲೆಗೆ ಇಳಿಸಿದರು.

ಇಂಜುರಿ ಟೈಮ್‌ನ ನಾಲ್ಕನೇ ನಿಮಿಷ. 2-2, ಇನ್ನೇನು ಪೆನಾಲ್ಟಿ. ಯುನೈಟೆಡ್ ಅರ್ಧದಿಂದ ಚೆಂಡು ಮುಂದಕ್ಕೆ ಹಾರಿತು. ಮಧ್ಯಗೆರೆಯ ಬಳಿ ಸಿಟಿಯ ಕೊನೆಯ ಆಟಗಾರ ವಿನ್ಸೆಂಟ್ ಕೊಂಪನಿ. ಅವರಂಥ ಡಿಫೆಂಡರ್ ನೂರಕ್ಕೆ ತೊಂಬತ್ತೊಂಬತ್ತು ಸಲ ಹಿಡಿದು ನಿಲ್ಲಿಸುವ ಚೆಂಡು ಅದು. ಆ ಒಂದು ಸಲ ಕಾಲಿಗೆ ದಕ್ಕಲಿಲ್ಲ. ನಾನಿ ಅದನ್ನು ಕಸಿದು, ಅರ್ಧ ಮೈದಾನ ಒಬ್ಬರೇ ಓಡಿ, ಹಾರ್ಟ್ ಅವರನ್ನು ಸುತ್ತಿ ಬಳಸಿ ಖಾಲಿ ಗೋಲಿಗೆ ತಳ್ಳಿದರು. 3-2. ರಕ್ಷಣಾ ಸಾಲನ್ನು ಮಧ್ಯಗೆರೆಯವರೆಗೆ ಎಳೆದು ತಂದಾಗ ಕೊನೆಯವನ ಮೊದಲ ಸ್ಪರ್ಶವೇ ಇಡೀ ತಂಡದ ವಿಮೆ. 94ನೇ ನಿಮಿಷದಲ್ಲಿ, ಆಗಸ್ಟ್ ಮೊದಲ ವಾರದಲ್ಲಿ, ಆ ವಿಮೆ ಎಷ್ಟು ತೆಳುವಾಗಿರುತ್ತದೆ ಎಂಬುದು ಅಂದು ಕಂಡಿತು.

ಇಷ್ಟಾಗಿ ಈ ಗೆಲುವು ಮುಂದಿನದರ ಬಗ್ಗೆ ಏನು ಹೇಳಿತು? ಅಕ್ಟೋಬರ್ 23ರಂದು ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಸಿಟಿ 6-1ರಿಂದ ಗೆದ್ದಿತು. ವಿರಾಮದ ಬೆನ್ನಲ್ಲೇ ಮಾರಿಯೋ ಬಾಲೊಟೆಲ್ಲಿ ಅವರನ್ನು ಎಳೆದು ಕೆಂಪು ಕಾರ್ಡ್ ಪಡೆದು ಹೊರನಡೆದವರು ಇದೇ ಇವಾನ್ಸ್. ಕೊನೆಗೆ ಎರಡೂ ತಂಡಗಳು 89 ಅಂಕ ಗಳಿಸಿ, ಗೋಲು ವ್ಯತ್ಯಾಸದಲ್ಲಿ ಸಿಟಿ ಲೀಗ್ ಗೆದ್ದಿತು: ಒಬ್ಬರದು 64, ಇನ್ನೊಬ್ಬರದು 56. ಅಂತರ ಎಂಟು. ಆ 6-1 ಒಂದೇ ಪಂದ್ಯ ಸಿಟಿಗೆ ಐದು ಸೇರಿಸಿ, ಯುನೈಟೆಡ್‌ನಿಂದ ಐದು ಕಳೆದು, ಹತ್ತರ ಅಂತರ ತಂದಿತ್ತು. ಶೀಲ್ಡ್‌ನ ಫಲಿತಾಂಶ ನೋಡಿ ಋತುವಿನ ಭವಿಷ್ಯ ಹೇಳುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಆಗಸ್ಟ್‌ನಲ್ಲಿ ಬೆಂಚಿಗೆ ಇಷ್ಟು ಬೆಲೆ ಏಕೆ ಬರುತ್ತದೆ ಎಂಬುದಕ್ಕೆ 2024ರ ಪಂಚಾಂಗವೇ ಉತ್ತರ. ಆ ವರ್ಷ ಯೂರೋ ಫೈನಲ್ ಮತ್ತು ಕೋಪಾ ಅಮೆರಿಕ ಫೈನಲ್ ಎರಡೂ ಜುಲೈ 14ಕ್ಕೆ. ಶೀಲ್ಡ್ ಆಗಸ್ಟ್ 10ಕ್ಕೆ. ನಡುವೆ 27 ದಿನ. ಫೈನಲ್ ಆಡಿದವನಿಗೆ ಮೂರು ವಾರ ರಜೆ ಕೊಟ್ಟರೆ ಅಭ್ಯಾಸಕ್ಕೆ ಉಳಿಯುವುದು ಆರು ದಿನ. ಆರು ದಿನದಲ್ಲಿ 90 ನಿಮಿಷಕ್ಕೆ ದೇಹ ಸಿದ್ಧವಾಗುವುದಿಲ್ಲ. ಸಾಮಾನ್ಯವಾಗಿ ತರಬೇತುದಾರರು ಮೊದಲ ಅಭ್ಯಾಸ ಪಂದ್ಯದಲ್ಲಿ 45 ನಿಮಿಷ, ಮುಂದಿನದರಲ್ಲಿ 60, ಆಮೇಲೆ 75 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಮೆಟ್ಟಿಲು ಹಾರಿದರೆ ಮೊದಲು ದೂರುವುದು ತೊಡೆಯ ಹಿಂಭಾಗದ ಸ್ನಾಯು, ಆಮೇಲೆ ಮೀನಖಂಡ.

ಹಾಗಾಗಿ ಅಂದು ಸಿಟಿಯ ರಾಡ್ರಿ, ಫಿಲ್ ಫೋಡನ್, ಜಾನ್ ಸ್ಟೋನ್ಸ್, ಕೈಲ್ ವಾಕರ್ ಮೊದಲ ಹನ್ನೊಂದರಲ್ಲಿ ಇರಲಿಲ್ಲ. ಅವರ ತರಬೇತುದಾರ ಪೆಪ್ ಗಾರ್ಡಿಯೋಲ ಮಧ್ಯಭಾಗಕ್ಕೆ ನಿಕೋ ಓ'ರೈಲಿ ಮತ್ತು ಜೇಮ್ಸ್ ಮೆಕಾಟೀ ಎಂಬ ಕ್ಲಬ್ ಅಕಾಡೆಮಿಯ ಹುಡುಗರನ್ನು ಇಳಿಸಿದರು. ಯುನೈಟೆಡ್‌ನ ತರಬೇತುದಾರ ಎರಿಕ್ ಟೆನ್ ಹಾಗ್ ಬಳಿ ಸಜ್ಜಾದ ಸ್ಟ್ರೈಕರ್ ಇರಲಿಲ್ಲ, ಬ್ರೂನೊ ಫರ್ನಾಂಡಿಸ್ ಅವರನ್ನೇ ಮುಂದೆ ನಿಲ್ಲಿಸಿದರು. ಅರ್ಜೆಂಟೀನಾ ಜೊತೆ ಕೋಪಾ ಗೆದ್ದು ಬಂದ ಅಲೆಹಾಂದ್ರೊ ಗಾರ್ನಾಚೊ ಬೆಂಚಿನಲ್ಲಿ.

ಈ ಸ್ಥಿತಿಯಲ್ಲಿ ಆಡುವ ಪಂದ್ಯ ಸುಮಾರು ಒಂದು ಗಂಟೆಯ ಹೊತ್ತಿಗೆ ಮುರಿದುಕೊಳ್ಳುತ್ತದೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ನೀವು ಚೆಂಡನ್ನು ಬಿಟ್ಟು ಸಾಲುಗಳ ನಡುವಿನ ಜಾಗ ನೋಡಿ. ಮೈದಾನ 105 ಮೀಟರ್ ಉದ್ದ. ಚೆನ್ನಾಗಿ ಆಡುವ ತಂಡದ ರಕ್ಷಣಾ ಸಾಲಿಗೂ ಮಧ್ಯ ಸಾಲಿಗೂ ನಡುವೆ ಹತ್ತು ಹದಿನೈದು ಮೀಟರ್ ಇದ್ದರೆ ಎದುರಾಳಿಗೆ ಚೆಂಡು ಹಿಡಿದು ತಿರುಗಲು ಜಾಗವಿಲ್ಲ. ಮುಂದಿನ ಮೂವರು ಎದುರಾಳಿಯ ಮೇಲೆರಗಿದಾಗ ಹಿಂದಿನವರೂ ಅದೇ ವೇಗದಲ್ಲಿ ಮುಂದೆ ಬರಬೇಕು. ದಣಿದ ತಂಡದಲ್ಲಿ ಮುಂದಿನವರು ಎರಗುತ್ತಾರೆ, ಹಿಂದಿನವರು ಬರುವುದಿಲ್ಲ. ಜಾಗ ಇಪ್ಪತ್ತು, ಇಪ್ಪತ್ತೈದು ಮೀಟರ್ ಆಗುತ್ತದೆ. ಆ ಖಾಲಿ ಜಾಗಕ್ಕೆ ತಾಜಾ ಕಾಲಿನ ಒಬ್ಬ ಬಂದರೆ ಸಾಕು.

82ನೇ ನಿಮಿಷದಲ್ಲಿ ಆದದ್ದು ಅದೇ. ಫರ್ನಾಂಡಿಸ್ ಪಾಸ್ ಕೊಟ್ಟರು, ಬದಲಿಯಾಗಿ ಬಂದಿದ್ದ ಗಾರ್ನಾಚೊ ಒಳಕ್ಕೆ ತಿರುಗಿ ಹೊಡೆದರು, ಯುನೈಟೆಡ್ 1-0. ಅದಕ್ಕೂ ಮೊದಲು ಫರ್ನಾಂಡಿಸ್ ಹೊಡೆದ ಸೊಗಸಾದ ಗೋಲೊಂದು ಆಫ್‌ಸೈಡ್ ಆಗಿ ಹೋಗಿತ್ತು. ಮಾರ್ಕಸ್ ರಾಶ್‌ಫರ್ಡ್ ಹೊಡೆತವೊಂದೂ ಅಂದು ಕಂಬಕ್ಕೆ ಬಡಿಯಿತು. ಯುನೈಟೆಡ್ ಗೆಲುವಿಗೆ ತಕ್ಕ ಆಟ ಆಡಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ 89ನೇ ನಿಮಿಷದಲ್ಲಿ ಆಸ್ಕರ್ ಬಾಬ್ ಕ್ರಾಸ್ ಎತ್ತಿದರು. ಆ ಎತ್ತರದ ಚೆಂಡಿಗೆ ತಲೆ ಕೊಟ್ಟವರು ತಂಡದಲ್ಲೇ ಗಿಡ್ಡವರ ಪೈಕಿಯ ಬರ್ನಾರ್ಡೊ ಸಿಲ್ವಾ. ಅವರೂ ಬೆಂಚಿನಿಂದಲೇ ಬಂದವರು. ಪಂದ್ಯದ ಎರಡೂ ಗೋಲು ಬದಲಿ ಆಟಗಾರರದು.

ಇನ್ನು ಪೆನಾಲ್ಟಿ. ಇಲ್ಲಿ ಲೆಕ್ಕ ಬಹಳ ಸರಳ: ಚುಕ್ಕಿಯಿಂದ ಗೋಲಿಗೆ 11 ಮೀಟರ್, ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಒದೆಯುವ ಕ್ಷಣದಲ್ಲಿ ಗೋಲ್‌ಕೀಪರ್‌ನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ಗೆರೆಯ ನೇರಕ್ಕೆ ಅಥವಾ ಅದರ ಹಿಂದೆ ಇರಬೇಕು. ಪಂದ್ಯ ಮುಗಿದಾಗ ಮೈದಾನದಲ್ಲಿ ಇದ್ದವರಷ್ಟೇ ಹೊಡೆಯಬಹುದು. ಎಲ್ಲರೂ, ಗೋಲ್‌ಕೀಪರ್ ಸೇರಿ, ಒಂದೊಂದು ಹೊಡೆಯುವವರೆಗೆ ಯಾರಿಗೂ ಎರಡನೆಯ ಸರದಿ ಇಲ್ಲ. ಮೊದಲ ಐದರಲ್ಲಿ ತೀರ್ಮಾನವಾಗದಿದ್ದರೆ ಒಂದೊಂದಾಗಿ ಮುಂದುವರಿಯುತ್ತದೆ. ಆಗಲೇ ಡಿಫೆಂಡರ್‌ಗಳ ಸರದಿ ಬರುವುದು.

ಹೆಚ್ಚುವರಿ ಸಮಯ ಇಲ್ಲದಿರುವುದು ಇಲ್ಲಿ ತರಬೇತುದಾರನ ಲೆಕ್ಕವನ್ನು ಬದಲಿಸುತ್ತದೆ. ಬೇರೆ ನಾಕೌಟ್ ಪಂದ್ಯದಲ್ಲಿ 80ನೇ ನಿಮಿಷದ ಬದಲಾವಣೆ ಮಾಡುವಾಗ ಮುಂದೆ 40 ನಿಮಿಷ ಇರಬಹುದೆಂಬ ಎಣಿಕೆ ಇರುತ್ತದೆ. ಶೀಲ್ಡ್‌ನಲ್ಲಿ 80ನೇ ನಿಮಿಷಕ್ಕೆ ಇಳಿಸಿದವನು ಹದಿನೈದೇ ನಿಮಿಷದಲ್ಲಿ ಚುಕ್ಕಿಯ ಮುಂದೆ ನಿಂತಿರಬಹುದು. ಅವನ ಉಸಿರು ತಾಜಾ, ಕಾಲು ತಾಜಾ, ಆದರೆ ಚೆಂಡನ್ನು ಬೆರಳೆಣಿಕೆಯಷ್ಟು ಸಲವೂ ಮುಟ್ಟಿರುವುದಿಲ್ಲ. ಪೂರ್ತಿ ಆಡಿದವನಿಗೆ ಚೆಂಡಿನ ಸಲಿಗೆ ಇರುತ್ತದೆ, ಕಾಲು ಸೋತಿರುತ್ತದೆ. ಯಾರನ್ನು ನಂಬುವುದು? ಸಿಟಿ ಪರ ಅಂದು ಹೊಡೆದ ಎಂಟು ಮಂದಿಯಲ್ಲಿ ನಾಲ್ವರು ಬದಲಿಯಾಗಿ ಬಂದವರು: ಬರ್ನಾರ್ಡೊ, ಕೆವಿನ್ ಡಿ ಬ್ರೂಯ್ನ, ಸಾವಿನ್ಯೊ, ಮಥೇವುಸ್ ನುನೆಸ್. ಸಾವಿನ್ಯೊಗೆ ಅದು ಸಿಟಿಯ ಅಂಗಿಯಲ್ಲಿ ಮೊದಲ ಅಧಿಕೃತ ಪಂದ್ಯ.

ಫರ್ನಾಂಡಿಸ್ ಮೊದಲು ಹೊಡೆದು ಯುನೈಟೆಡ್‌ಗೆ ಮುನ್ನಡೆ ಕೊಟ್ಟರು. ಸಿಟಿಯಿಂದ ಮೊದಲು ಬಂದವರು ಆಗಷ್ಟೇ ತಂಡವನ್ನು ಉಳಿಸಿದ್ದ ಬರ್ನಾರ್ಡೊ. ಆ ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ ಚಾಂಪಿಯನ್ಸ್ ಲೀಗ್ ಶೂಟೌಟ್‌ನಲ್ಲಿ ಅವರು ನೇರ ಗೋಲ್‌ಕೀಪರ್ ಲುನಿನ್ ಕೈಗೆ ಒದ್ದಿದ್ದರು. ಇಲ್ಲಿ ಯುನೈಟೆಡ್ ಗೋಲ್‌ಕೀಪರ್ ಆಂಡ್ರೆ ಒನಾನಾ ತಡೆದರು. ಗೋಲು ಹೊಡೆದ ಹುಮ್ಮಸ್ಸಿನಲ್ಲಿರುವವನನ್ನು ಮೊದಲು ಕಳಿಸುವುದು ಸಹಜ ಎನಿಸಿದರೂ, ಸರದಿ ಹಾಕುವಾಗ ಆ ಹೊತ್ತಿನ ಹುಮ್ಮಸ್ಸಿಗಿಂತ ಆ ಕಾಲಿನ ಹಿಂದಿನ ಕಥೆಗೆ ಹೆಚ್ಚು ಬೆಲೆ ಕೊಡಬೇಕು ಎಂಬುದು ನನ್ನ ನಂಬಿಕೆ. ಯುನೈಟೆಡ್‌ನ ನಾಲ್ಕನೆಯವರಾಗಿ ಜೇಡನ್ ಸ್ಯಾಂಚೊ ಬಂದರು. ಅವರೂ ಬದಲಿಯಾಗಿ ಬಂದವರೇ. ಎಡರ್ಸನ್ ತಡೆದರು, ಲೆಕ್ಕ ಸಮವಾಯಿತು.

ಸಿಟಿಯ ಐದನೆಯದಕ್ಕೆ ಬಂದವರು ಯಾರು? ಗೋಲ್‌ಕೀಪರ್ ಎಡರ್ಸನ್ ಅವರೇ. ತಪ್ಪಿದರೆ ಅಲ್ಲಿಗೇ ಮುಗಿಯಿತು. ಅವರು ನಿರಾಳವಾಗಿ ಗೋಲಾಗಿಸಿ 4-4 ಮಾಡಿದರು. ಶೀಲ್ಡ್‌ನಲ್ಲಿ ಇದರ ಹಿಂದೆ ಒಂದು ಸಣ್ಣ ಪರಂಪರೆಯೇ ಇದೆ. 1974ರಲ್ಲಿ ಪಂದ್ಯ ಮೊದಲ ಬಾರಿ ವೆಂಬ್ಲಿಗೆ ಬಂದಾಗ ಲೀಡ್ಸ್ ಮತ್ತು ಲಿವರ್‌ಪೂಲ್ 1-1 ಆಗಿ, ಶೀಲ್ಡ್ ಇತಿಹಾಸದ ಮೊದಲ ಶೂಟೌಟ್ ನಡೆಯಿತು. 5-5 ಆದ ಮೇಲೆ ಲೀಡ್ಸ್ ಗೋಲ್‌ಕೀಪರ್ ಡೇವಿಡ್ ಹಾರ್ವೆ ಹೊಡೆದದ್ದು ಕ್ರಾಸ್‌ಬಾರ್‌ಗೆ ಬಡಿಯಿತು, ಇಯಾನ್ ಕ್ಯಾಲಹನ್ ಹೊಡೆದು ಲಿವರ್‌ಪೂಲ್ ಗೆದ್ದಿತು. 2017ರಲ್ಲಿ ಚೆಲ್ಸಿಯ ಗೋಲ್‌ಕೀಪರ್ ತಿಬೊ ಕೂರ್ಟ್ವಾ ಎರಡನೆಯದನ್ನೇ ಹೊಡೆಯಲು ಬಂದು ಬಾರ್ ಮೇಲಿಂದ ಹಾರಿಸಿದರು, ಆರ್ಸೆನಲ್ ಗೆದ್ದಿತು. ಅದು ಒಬ್ಬರ ನಂತರ ಇನ್ನೊಬ್ಬರು ಎರಡೆರಡು ಹೊಡೆಯುವ ಹೊಸ ಕ್ರಮವನ್ನು ಪರೀಕ್ಷಿಸಿದ ಶೂಟೌಟ್. ಮೊದಲು ಹೊಡೆಯುವವರಿಗೆ ಸಿಗುವ ಲಾಭ ತಗ್ಗಿಸಲೆಂದು ತಂದ ಆ ಕ್ರಮವನ್ನು ಮರುವರ್ಷವೇ ಕೈಬಿಟ್ಟರು. ಗೋಲ್‌ಕೀಪರ್ ಹೊಡೆದರೆ ಎದುರು ನಿಂತವನ ಮನಸ್ಸು ಅವನಿಗೆ ಗೊತ್ತಿರುತ್ತದೆ ಎಂಬ ವಾದವಿದೆ. ನಿಜವಾದ ತೊಡಕು ಬೇರೆಡೆ ಇದೆ: ದಿನವಿಡೀ ಚೆಂಡನ್ನು ಮೇಲಕ್ಕೆತ್ತಿ ದೂರಕ್ಕೆ ಒದ್ದು ರೂಢಿಯಾದ ಕಾಲು, ಹನ್ನೊಂದು ಮೀಟರ್‌ಗೂ ಮೇಲಕ್ಕೇ ಎತ್ತಿಬಿಡುತ್ತದೆ. ಎಡರ್ಸನ್ ಚೆಂಡನ್ನು ನೆಲಕ್ಕೆ ಹತ್ತಿಸಿ ಪಾಸ್ ಮಾಡುವ ಬಗೆಯ ಗೋಲ್‌ಕೀಪರ್, ಅವರಿಗೆ ಆ ತೊಡಕು ಇರಲಿಲ್ಲ.

1974ರ ಆ ಪಂದ್ಯದ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಇದೆಲ್ಲ ಬರೀ ಸೌಹಾರ್ದ ಪಂದ್ಯ ಎನ್ನುವವರು ಇಂದಿಗೂ ಇದ್ದಾರೆ. ಅಂದು ಲೀಡ್ಸ್‌ನ ಬಿಲ್ಲಿ ಬ್ರೆಮ್ನರ್ ಮತ್ತು ಲಿವರ್‌ಪೂಲ್‌ನ ಕೆವಿನ್ ಕೀಗನ್ ಹೊಡೆದಾಡಿಕೊಂಡು ರೆಫರಿಯಿಂದ ಹೊರಹಾಕಿಸಿಕೊಂಡರು. ಹೋಗುವಾಗ ಇಬ್ಬರೂ ಅಂಗಿ ಕಳಚಿ ಎಸೆದರು. ಶಿಕ್ಷೆಯಾಗಿ ತಲಾ 500 ಪೌಂಡ್ ದಂಡ, 11 ಪಂದ್ಯಗಳ ನಿಷೇಧ. ಅದರಲ್ಲಿ ಹೊಡೆದಾಟಕ್ಕೆ ಬಂದದ್ದು ಮೂರು, ಅಂಗಿ ಎಸೆದದ್ದಕ್ಕೆ ಎಂಟು.

ಭಾರತದಲ್ಲಿ ಕೂತು ನೋಡುವವರಿಗೆ ವೆಂಬ್ಲಿಯ ಮಧ್ಯಾಹ್ನ ಮೂರು ಎಂದರೆ ಸಂಜೆ ಏಳೂವರೆ. ಆ ಹೊತ್ತಿಗೆ ಟಿವಿ ಹಚ್ಚುವವರಿಗೆ ಒಂದೆರಡು ಮಾತು. ಗಂಟೆ ಮುಂಚೆ ತಂಡದ ಪಟ್ಟಿ ಬಂದಾಗ ಮೊದಲ ಹನ್ನೊಂದನ್ನು ಬಿಟ್ಟು ಬೆಂಚಿನ ಹೆಸರುಗಳನ್ನು ಮೊದಲು ಓದಿ. ಬೇಸಿಗೆಯ ದೇಶಪಂದ್ಯಗಳಲ್ಲಿ ಯಾರು ಎಷ್ಟು ದಿನ ಉಳಿದಿದ್ದರು ಎಂದು ಎಣಿಸಿ. ತಡವಾಗಿ ಬಂದವರು ಸಾಮಾನ್ಯವಾಗಿ 60ನೇ ನಿಮಿಷದ ನಂತರವೇ ಇಳಿಯುವುದು. ಮೊದಲ ಇಪ್ಪತ್ತು ನಿಮಿಷದ ಬಿರುಸಿಗೆ ಮರುಳಾಗಬೇಡಿ, ಅದನ್ನು ಯಾವ ತಂಡವೂ ಆಡಬಲ್ಲದು. ಇಂಜುರಿ ಟೈಮ್ ಬಂದಾಗ ಎದ್ದು ಹೋಗಲೇಬೇಡಿ. 2023ರಲ್ಲಿ ವ್ಯರ್ಥವಾದ ಸಮಯವನ್ನೆಲ್ಲ ಕೂಡಿಸಬೇಕೆಂದು ರೆಫರಿಗಳಿಗೆ ಹೊಸ ಸೂಚನೆ ಬಂದಿತ್ತು; ಸಿಟಿ ವಿರುದ್ಧ ಆರ್ಸೆನಲ್‌ನ ಲಿಯಾಂಡ್ರೊ ಟ್ರೊಸಾರ್ಡ್ ಸಮಬಲದ ಗೋಲು ಹೊಡೆದದ್ದು 90ರ ಮೇಲೆ ಹನ್ನೊಂದನೇ ನಿಮಿಷದಲ್ಲಿ. ಟ್ರೊಸಾರ್ಡ್ ಅವರೂ ಬದಲಿಯಾಗಿ ಬಂದವರು. ಆ ಚೆಂಡು ದಾರಿಯಲ್ಲಿ ಒಬ್ಬ ಸಿಟಿ ಡಿಫೆಂಡರ್‌ಗೆ ತಾಗಿ ದಿಕ್ಕು ತಪ್ಪಿ ಬಲೆ ಸೇರಿತ್ತು. ಆ ಡಿಫೆಂಡರ್ ಅಕಾಂಜಿ. ಪೆನಾಲ್ಟಿಯಲ್ಲಿ ಆರ್ಸೆನಲ್ 4-1ರಿಂದ ಗೆದ್ದಿತು. ಅದಕ್ಕೂ ಹಿಂದಿನ ಎರಡು ವರ್ಷ ಸಿಟಿ ಲೆಸ್ಟರ್ ಮತ್ತು ಲಿವರ್‌ಪೂಲ್ ಎದುರು ಸೋತಿತ್ತು. ಸತತ ಮೂರು ಸೋಲಿನ ನಂತರದ ವರ್ಷ, ಡುಸೆಲ್‌ಡಾರ್ಫ್ ಆಗಿ ಐದು ವಾರಕ್ಕೆ, ಅದೇ ಅಕಾಂಜಿ ಎಂಟನೆಯವರಾಗಿ ಚೆಂಡಿನ ಕಡೆ ನಡೆದರು.

2024-25ರ ಋತು ಮುಗಿದಾಗ ಸಿಟಿ ಮೂರನೆಯ ಸ್ಥಾನದಲ್ಲಿತ್ತು, ಯುನೈಟೆಡ್ ಹದಿನೈದನೆಯ ಸ್ಥಾನದಲ್ಲಿ. ಟೆನ್ ಹಾಗ್ ಅಕ್ಟೋಬರ್‌ನಲ್ಲೇ ಕೆಲಸ ಕಳೆದುಕೊಂಡರು. ರಾಡ್ರಿ ಸೆಪ್ಟೆಂಬರ್‌ನಲ್ಲಿ ಮಂಡಿಯ ಗಾಯದಿಂದ ಬಿದ್ದರು. ಬರ್ನಾರ್ಡೊ ತಲೆಗೆ ಅಷ್ಟು ಕರಾರುವಾಕ್ಕಾಗಿ ಚೆಂಡು ಇಟ್ಟ ಆಸ್ಕರ್ ಬಾಬ್, ಶೀಲ್ಡ್ ಗೆದ್ದ ಒಂದೇ ವಾರದೊಳಗೆ, ಲೀಗ್‌ನ ಮೊದಲ ಪಂದ್ಯಕ್ಕೂ ಮುನ್ನ, ಅಭ್ಯಾಸದಲ್ಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹೊರಗುಳಿದರು.